ಹಿತ್ತಿಲಲ್ಲಿ ಹೂತ ಹದಿನೆಂಟು ತುಂಡು

ನನ್ನ ಅಮ್ಮನಿಗೆ ಪ್ಲಾಸ್ಟಿಕ್ ಕಂಡರೆ ಆಗುವುದಿಲ್ಲ. ನನಗೂ ಆಗುವುದಿಲ್ಲ. ಇಷ್ಟು ಚೆನ್ನಾಗಿ ಒಮ್ಮತವಿದ್ದ ನಾವಿಬ್ಬರು ಒಂದೇ ಮನೆಯೊಳಗೆ ಎರಡು ದಿನ ಮಾತು ಬಿಟ್ಟು ಕೂತದ್ದು, ನಾನು ಹಲ್ಲು ಕಡಿಯುತ್ತ ಒಳಗೂ ಹೊರಗೂ ತಿರುಗಿದ್ದು ಪ್ಲಾಸ್ಟಿಕ್ಕಿನ ವಿಷಯಕ್ಕೇ. ಈಗ ಬರೆಯುವಾಗಲೂ ಸಿಟ್ಟು ಪೂರ್ತಿ ಇಳಿದಿಲ್ಲ. ಯಾರ ಮೇಲಿನ ಸಿಟ್ಟು ಎಂಬುದು ಮಾತ್ರ ಬದಲಾಗಿದೆ.

ನಮ್ಮ ಮನೆ ವರ್ಕಾಡಿಯಲ್ಲಿ. ಬಸ್ಸು ಹತ್ತಿ ಟಿಕೆಟು ತೆಗೆದು ಕಿಸೆಗೆ ಹಾಕುವಷ್ಟರಲ್ಲಿ ಕೇರಳ ಮುಗಿದು ಕರ್ನಾಟಕ ಬಂದಿರುತ್ತದೆ. ಮನೆಯಲ್ಲಿ ಇರುವುದು ಅಮ್ಮ ಮತ್ತು ನಾನು, ಇಬ್ಬರೇ. ಬೀಡಿ ಕಟ್ಟಿ ನನ್ನನ್ನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿಸಿದವಳು ಅವಳು. ಜಗಲಿಯ ಕಂಬಕ್ಕೆ ಒರಗಿ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಎಲೆ ಕತ್ತರಿಸಿ ಹುಡಿ ತುಂಬಿ ನೂಲು ಸುತ್ತುವಾಗ ಅವಳ ಕಣ್ಣು ರಸ್ತೆಯ ಮೇಲಿರುತ್ತಿತ್ತು. ಎಲೆ ಒಂದು ಎಳೆ ದಪ್ಪವಿದ್ದರೂ ಬೆರಳಿಗೇ ಗೊತ್ತಾಗುತ್ತಿತ್ತು. ಬೀಡಿ ಕೆಲಸ ಕಡಿಮೆಯಾಗುತ್ತ ಬಂದಾಗ ಅವಳು ಪಂಚಾಯತಿನ ಪ್ಲಾಸ್ಟಿಕ್ ಸಂಗ್ರಹಿಸುವ ಹೆಂಗಸರ ಗುಂಪು ಸೇರಿದಳು. ಹಸಿರು ಕೋಟು ಹಾಕಿ, ಹೆಗಲಿಗೆ ಗೋಣಿ ಏರಿಸಿ, ಮನೆಯಿಂದ ಮನೆಗೆ ನಡೆಯುವ ಕೆಲಸ.

ಅವರ ನಿಯಮ ಸರಳ. ಮನೆಯವರು ಪ್ಲಾಸ್ಟಿಕ್ಕನ್ನು ತೊಳೆದು, ಒಣಗಿಸಿ, ತಿಂಗಳಿಗೊಮ್ಮೆ ಇವರ ಕೈಗೆ ಕೊಡಬೇಕು. ಒಲೆಗೆ ಹಾಕಬಾರದು, ಮಣ್ಣಲ್ಲಿ ಹೂಳಬಾರದು. ಈ ನಿಯಮವನ್ನು ಅಮ್ಮ ಹಿಡಿದುಕೊಂಡ ಹಾಗೆ ನಮ್ಮೂರಲ್ಲಿ ಇನ್ನೊಬ್ಬರು ಹಿಡಿದುಕೊಂಡದ್ದು ನಾನು ಕಾಣೆ. ಪ್ಲಾಸ್ಟಿಕ್ ಚೀಲಕ್ಕೆ ನಮ್ಮ ಕಡೆ ತೊಟ್ಟೆ ಎನ್ನುತ್ತೇವೆ. ಎರಡೆರಡು ಕಾರು ನಿಂತ ಅಂಗಳಗಳಲ್ಲಿ ನಿಂತು ಅಮ್ಮ, "ಒಂದು ಹಾಲಿನ ತೊಟ್ಟೆ ತೊಳಿಲಿಕ್ಕೆ ನಿಮ್ಗೆ ಎಂತ ಕಷ್ಟ? ಕೈಗೆ ಎಂತಾಗಿದೆ?" ಎಂದು ಕೇಳಿ ಬರುತ್ತಿದ್ದಳು. ಅವಳ ಜೊತೆಗೆ ಸದಾ ಇರುವವರು ಪಕ್ಕದ ಓಣಿಯ ಒಬ್ಬರು ಬ್ಯಾರಿ ಹೆಂಗಸು, ಅಮ್ಮನದೇ ಪ್ರಾಯ. ಅಮ್ಮ ಬೈದ ಮೇಲೆ ನಗಿಸಿ ಸರಿ ಮಾಡುವ ಕೆಲಸ ಅವರದ್ದು. ಈ ಜೋಡಿಗೆ ನಮ್ಮ ವಾರ್ಡಿನಲ್ಲಿ ಎಲ್ಲರೂ ಹೆದರುತ್ತಾರೆ.

ಮನೆಯಲ್ಲಿ ನಾವು ಆಡುವುದು ತುಳು. ಅಮ್ಮನ ಮಾತನ್ನು ಇಲ್ಲಿ ಕನ್ನಡಕ್ಕೆ ತರುವಾಗ ಅವಳ ಬೈಗುಳದ ರುಚಿ ಅರ್ಧ ಹೋಗಿದೆ, ಹೋಗಲಿ.

ನಮ್ಮ ಬಟ್ಟೆ ಒಣಗಿಸುವ ಹಗ್ಗದಲ್ಲಿ ಬಟ್ಟೆಗಿಂತ ತೊಟ್ಟೆಗಳೇ ಹೆಚ್ಚು. ಹಾಲಿನದ್ದು, ಉಪ್ಪಿನದ್ದು, ಚಿಪ್ಸಿನ ಹೊಳೆಯುವ ಲಕೋಟೆ, ಎಲ್ಲವನ್ನೂ ಒಳಹೊರಗು ಮಾಡಿ, ಸಾಬೂನು ಹಾಕಿ ತೊಳೆದು, ಕ್ಲಿಪ್ಪು ಸಿಕ್ಕಿಸಿ ನೇತುಹಾಕುತ್ತಾಳೆ. ನನ್ನ ಚೂಡಿದಾರಕ್ಕೆ ಕ್ಲಿಪ್ಪು ಸಿಗುವುದಿಲ್ಲ. ಕೇಳಿದರೆ, "ಚೂಡಿದಾರ ಹಾರಿದ್ರೆ ಹೆಕ್ಕಿ ತರ್ಬಹುದು. ತೊಟ್ಟೆ ಹಾರಿ ತೋಡಿನ ನೀರಿಗೆ ಬಿದ್ರೆ ಯಾರು ತರುದು, ನೀನಾ?" ಎನ್ನುತ್ತಾಳೆ.

ಅವಳ ದೊಡ್ಡ ತಲೆನೋವು ಗಿಡದ ತೊಟ್ಟೆ. ನರ್ಸರಿಯವರು ಸಸಿ ಬೆಳೆಸುವ ಕಪ್ಪು ತೊಟ್ಟೆ ಉಂಟಲ್ಲ, ಅದು. ಮಳೆಗಾಲ ಶುರುವಾಗುವಾಗ ಎಲ್ಲರೂ ಗೇರು, ಅಡಿಕೆ, ಕರಿಮೆಣಸು ಎಂದು ಸಸಿ ತರುತ್ತಾರೆ. ತೊಟ್ಟೆ ಹರಿದು ಸಸಿ ನೆಟ್ಟು, ತೊಟ್ಟೆಯನ್ನು ಅಲ್ಲೇ ಗುಂಡಿಯ ಬದಿಗೆ ಎಸೆಯುತ್ತಾರೆ. ಅದು ಅರ್ಧ ಮಣ್ಣೊಳಗೆ, ಅರ್ಧ ಹೊರಗೆ. ಅದನ್ನು ಹೆಕ್ಕಿ, ಅಂಟಿದ ಕೆಸರು ಉಜ್ಜಿ ತೊಳೆದು, ಹತ್ತು ತೊಟ್ಟೆ ಆಗುವಾಗ ಅಮ್ಮನ ಸೊಂಟ ಬೀಳುತ್ತಿತ್ತು. ಒಮ್ಮೆ ಸಂಜೆ ಬಚ್ಚಲ ಕಲ್ಲಿನ ಮೇಲೆ ಕೂತು ತೊಳೆಯುತ್ತಲೇ ನನ್ನನ್ನು ನೋಡಿ, "ಇಷ್ಟು ಓದಿದ್ದೀಯಲ್ಲ, ಮಣ್ಣಿಗೆ ಹಾಕಿದ್ರೆ ಮಣ್ಣೇ ಆಗುವ ತೊಟ್ಟೆ ಒಂದು ಮಾಡ್ಲಿಕ್ಕೆ ಆಗುದಿಲ್ವಾ ನಿಂಗೆ?" ಎಂದು ಕೇಳಿದಳು.

ಮಾಡುತ್ತೇನೆ ನೋಡು ಎಂದು ಹೊರಟವಳು ನಾನು. ಗಡಿಯ ಆಚೆಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಯೋಜನೆಯೊಂದರ ಸಹಾಯಕಿಯಾಗಿ ನನಗೆ ಕೆಲಸ ಸಿಕ್ಕಿತು. ಖಾಯಂ ಕೆಲಸವಲ್ಲ. ಯೋಜನೆ ಇರುವಷ್ಟು ದಿನ ಕೆಲಸ, ಅದು ಮುಗಿದರೆ ಮನೆಗೆ. ಕೆಲಸದ ವಿಷಯವೇ ಅಮ್ಮ ಕೇಳಿದ ತೊಟ್ಟೆ. ಮರಗೆಣಸಿನ ಹಿಟ್ಟಿನಿಂದ ಪ್ಲಾಸ್ಟಿಕ್ಕಿನಂಥ ತೆಳು ಹಾಳೆ ಮಾಡುವುದು, ಅದರಿಂದ ಸಸಿಯ ತೊಟ್ಟೆ ಮಾಡುವುದು, ಸಸಿಯನ್ನು ತೊಟ್ಟೆಯ ಸಮೇತ ನೆಟ್ಟರೆ ತೊಟ್ಟೆ ಮಣ್ಣಲ್ಲಿ ಮಣ್ಣಾಗುವುದು. ಮೂರು ವರ್ಷ ನಾನು ಇದನ್ನು ಬಿಟ್ಟು ಬೇರೆ ಯೋಚನೆ ಮಾಡಲಿಲ್ಲ.

ಮೊದಲ ಸಲದ ಕಥೆ ಹೇಳಿದರೆ ಈಗಲೂ ಮುಖ ಬಿಸಿಯಾಗುತ್ತದೆ. ಮರಗೆಣಸಿನ ಹಿಟ್ಟು ಕಾಯಿಸಿ, ಗ್ಲಿಸರಿನ್ ಸೇರಿಸಿ, ತಟ್ಟೆಗೆ ಹೊಯ್ದು ಒಣಗಿಸಿದೆ. ಹಾಳೆ ನೋಡಲು ಚಂದ, ಗಾಜಿನಷ್ಟು ತಿಳಿ. ಸರ್‌ಗೆ, ಅಂದರೆ ಯೋಜನೆಯ ಮುಖ್ಯಸ್ಥರಾದ ಪ್ರಾಧ್ಯಾಪಕರಿಗೆ, ಖುಷಿಯೋ ಖುಷಿ. ಪೆರ್ಲದ ಹತ್ತಿರ ನರ್ಸರಿ ನಡೆಸುವ ಹೆಂಗಸರ ಬಳಿ ನೂರು ತೊಟ್ಟೆ ಕೊಟ್ಟು ಮಣ್ಣು ತುಂಬಿಸಿ ಬಂದೆವು. ಎರಡನೇ ದಿನ ಒಂದು ಮಳೆ ಬಂತು. ಮೂರನೇ ದಿನ ಹೋಗಿ ನೋಡಿದರೆ ತೊಟ್ಟೆಯೇ ಇಲ್ಲ. ಸಾಲಾಗಿ ಮಣ್ಣಿನ ಗುಪ್ಪೆ, ಅದರ ಸುತ್ತ ಗಂಜಿ. ಅದನ್ನು ಕೋಳಿಗಳು ಕುಕ್ಕುತ್ತಿದ್ದವು. ನರ್ಸರಿಯ ಹೆಂಗಸೊಬ್ಬರು ಸೆರಗು ಬಾಯಿಗಿಟ್ಟು, "ಒಂದು ಉಪ್ಪಿನಕಾಯಿ ಇದ್ರೆ ನಾವೂ ಉಣ್ಬಹುದಿತ್ತು ಟೀಚರ್" ಎಂದರು. ನಗಬೇಕೋ ಅಳಬೇಕೋ ತಿಳಿಯದೆ ಮಣ್ಣಿನ ಗುಪ್ಪೆಗಳ ಫೋಟೊ ತೆಗೆದೆ.

ಆಗ ನನಗೆ ಹೊಳೆದದ್ದು ಗೇರುಬೀಜದ ಸಿಪ್ಪೆಯ ಎಣ್ಣೆ. ನಮ್ಮ ಕಡೆ ಗೇರಿಗೆ ಬರವಿಲ್ಲ. ಬೀಜ ಸುಟ್ಟು ಸುಲಿಯುವಲ್ಲಿ ಸಿಪ್ಪೆಯಿಂದ ಇಳಿಯುವ ಕಪ್ಪು ಎಣ್ಣೆ, ಕೈಗೆ ತಾಗಿದರೆ ಚರ್ಮ ಏಳುತ್ತದೆ. ಗಿಡದಿಂದಲೇ ಬಂದದ್ದು, ಪ್ರತಿ ವರ್ಷ ಮತ್ತೆ ಬರುವಂಥದ್ದು, ನೀರು ಹಿಡಿಸುವುದಿಲ್ಲ. ಇದಕ್ಕಿಂತ ಹೆಚ್ಚು ಎಂತ ಬೇಕು? ಅದನ್ನು ಕಾಯಿಸಿ, ಸಂಸ್ಕರಿಸಿ, ಹಿಟ್ಟಿನ ಹಾಳೆಯ ಎರಡೂ ಬದಿಗೆ ತೆಳುವಾಗಿ ಹಿಡಿಸಿದೆ. ಹಾಳೆ ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿತು. ನೀರಲ್ಲಿ ಮುಳುಗಿಸಿ ಹದಿನೈದು ದಿನ ಇಟ್ಟೆ. ಜಪ್ಪಯ್ಯ ಅಂದರೂ ಕರಗಲಿಲ್ಲ. ಸರ್ ನನ್ನ ಬೆನ್ನು ತಟ್ಟಿ, "ಗೆದ್ದೆ ಮಾರಾಯ್ತಿ!" ಎಂದರು.

ಆದರೆ ಯೋಜನೆ ಮುಂದುವರಿಯಲು ಹಣ ಕೊಡುವವರ ಒಂದು ಶರತ್ತಿತ್ತು. ಈ ಹಾಳೆಯ ತುಂಡುಗಳನ್ನು ನಿಜವಾದ ಮಣ್ಣಲ್ಲಿ ಒಂದು ಮಳೆಗಾಲವಿಡೀ ಹೂತು, ಆರು ತಿಂಗಳ ನಂತರ ತೆಗೆದು, ಎಷ್ಟು ಕರಗಿದೆ ಎಂದು ತೂಕ ಮಾಡಿ ತೋರಿಸಬೇಕು. ಕರಗಿದ್ದರೆ ಇನ್ನೆರಡು ವರ್ಷ ಕೆಲಸ. ಇಲ್ಲದಿದ್ದರೆ ಯೋಜನೆ ಬಂದ್, ನಾನೂ ಬಂದ್. ಮೂರು ವರ್ಷದ ನನ್ನ ದುಡಿಮೆ ಆ ಒಂದು ಪರೀಕ್ಷೆಯ ಮೇಲೆ ನಿಂತಿತ್ತು. ಕಾಲೇಜಿನ ಹಿಂದಿನ ಜಾಗವನ್ನು ಯಂತ್ರ ತಂದು ಅಗೆದು ಹಾಕಿದ್ದರು. ನಮ್ಮ ಹಿತ್ತಿಲು ಇದೆಯಲ್ಲ ಸರ್, ಎಂದೆ ನಾನು.

ಊರಿನ ಕೋಲ, ಯಕ್ಷಗಾನಗಳೆಲ್ಲ ಮುಗಿಯುವ ಪತ್ತನಾಜೆಯ ದಿನ ಕಳೆದು, ಮಳೆ ಹಿಡಿಯುವ ಮೊದಲು ಒಂದು ಬೆಳಿಗ್ಗೆ ಹಿತ್ತಿಲ ಬಾಳೆಗಳ ಆಚೆ ಹದಿನೆಂಟು ಗುಂಡಿ ತೆಗೆದೆ. ಅಂಗೈಯಗಲದ ಹದಿನೆಂಟು ತುಂಡು, ಒಂದೊಂದರ ಮೂಲೆಗೆ ತೂತು ಹೊಡೆದು ಲೆಕ್ಕದ ಗುರುತು. ಒಂದೊಂದನ್ನೂ ತೂಗಿ, ಬರೆದು, ಹೂತು, ಮೇಲೆ ಬಿದಿರಿನ ಕೋಲು ನೆಟ್ಟೆ. ಅಮ್ಮ ಆಗ ಗೋಣಿ ಹೊತ್ತು ಊರು ಸುತ್ತಲು ಹೋಗಿದ್ದಳು. ಬಂದ ಮೇಲೆ, "ಆ ಕೋಲು ಎಂತಕ್ಕೆ?" ಎಂದು ಕೇಳಿದಳು. "ಕಾಲೇಜಿನ ಒಂದು ಪರೀಕ್ಷೆ, ಅಲ್ಲಿ ಕೈ ಹಾಕ್ಬೇಡ" ಎಂದೆ. ಅಷ್ಟೇ ಹೇಳಿದ್ದು. ಊರಿನ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಪಾಠ ಮಾಡಿದ್ದೆ, ಕಾರಡ್ಕದಲ್ಲಿ ರೈತರ ಸಭೆಯಲ್ಲಿ ಮೈಕು ಹಿಡಿದು ವಿವರಿಸಿದ್ದೆ. ಅಮ್ಮನಿಗೆ ಕೂತು ಹೇಳಲಿಲ್ಲ. ಹೇಳಿದರೆ ಅವಳು ನೂರು ಪ್ರಶ್ನೆ ಕೇಳುತ್ತಾಳೆ, ಅದೊಂದು ಕಿರಿಕಿರಿ ಎಂದು ಸುಮ್ಮನಾದೆ.

ಆ ವರ್ಷ ಮಳೆ ಬಿಡದೆ ಹೊಡೆಯಿತು. ನಾನು ಮಾತ್ರ ಖುಷಿಯಿಂದಿದ್ದೆ. ಎಷ್ಟು ನೆನೆದರೆ ಅಷ್ಟು ಒಳ್ಳೆಯದು, ಮಣ್ಣಿನ ಹುಳುಹುಪ್ಪಟೆ ಚೆನ್ನಾಗಿ ತಿನ್ನಲಿ ಎಂದು ಅಡುಗೆಮನೆಯ ಕಿಟಕಿಯಿಂದ ಆ ಕೋಲುಗಳನ್ನೇ ನೋಡುತ್ತಿದ್ದೆ. ಅಗೆದು ನೋಡಬೇಕೆಂದು ಕೈ ತುರಿಸುತ್ತಿತ್ತು, ಆದರೆ ನಡುವೆ ಮುಟ್ಟುವ ಹಾಗಿರಲಿಲ್ಲ. ಮಳೆ ಹೋಗಿ ಬಿಸಿಲು ಬಂತು. ಐದು ತಿಂಗಳು ಕಳೆಯಿತು.

ಒಂದು ಶನಿವಾರ ಮಧ್ಯಾಹ್ನ ಕಾಲೇಜಿನಿಂದ ಬಂದು, ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದರೆ ಕೋಲುಗಳಿಲ್ಲ. ನೆಲ ಹೊಸದಾಗಿ ಅಗೆದು, ಹದ ಮಾಡಿ, ಸಾಲು ಹಿಡಿದು ಹರಿವೆ ಬೀಜ ಹಾಕಿದೆ.

"ಅಮ್ಮಾ, ಇಲ್ಲಿ ಕೋಲು ಇತ್ತಲ್ಲ, ಎಲ್ಲಿ?"

"ಒಲೆ ಹತ್ರ ಉಂಟು. ಒಳ್ಳೆ ಒಣಗಿದೆ, ನೀರು ಕಾಯಿಸ್ಲಿಕ್ಕೆ ಆಗ್ತದೆ."

"ಕೋಲಿನ ಅಡಿಯಲ್ಲಿ ಇದ್ದದ್ದು?"

"ಅದಾ? ಎಲ್ಲ ತೆಗ್ದು, ತೊಳ್ದು, ಒಣಗಿಸಿ ಕೊಟ್ಟಾಯ್ತು."

ಕೊಟ್ಟದ್ದು ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಊರಿನ ಪ್ಲಾಸ್ಟಿಕ್ಕೆಲ್ಲ ಹೋಗುವ ಪಂಚಾಯತಿನ ಶೆಡ್ಡಿಗೆ ನನ್ನ ಮೂರು ವರ್ಷವೂ ಹೋಗಿತ್ತು.

ನಡೆದದ್ದು ಇಷ್ಟು. ಯಾರಾದರೂ ಪ್ಲಾಸ್ಟಿಕ್ ಹೂತಿದ್ದಾರೋ ಎಂದು ಆ ವಾರ ಪಂಚಾಯತಿನವರು ಹಿತ್ತಿಲು ಹಿತ್ತಿಲು ನೋಡಿಕೊಂಡು ಬರುವುದಿತ್ತು. ಮಳೆಗೆ ಮಣ್ಣು ಕೊಚ್ಚಿ ನನ್ನ ಒಂದು ತುಂಡಿನ ಮೂಲೆ ಹೊರಗೆ ಬಂದಿತ್ತು. ಅಮ್ಮನ ಜೊತೆಯವರು ಬಾಳೆ ಎಲೆ ಕೊಯ್ಯಲು ಬಂದವರು ಅದನ್ನು ಕಂಡು, "ಎಂತ ಇದು, ನಿಮ್ಮ ಹಿತ್ತಿಲಲ್ಲೇ ತೊಟ್ಟೆ ಹೂತಿದ್ದೀರಾ?" ಎಂದು ನಕ್ಕುಬಿಟ್ಟಿದ್ದಾರೆ. ಅಮ್ಮನಿಗೆ ಭೂಮಿ ಬಾಯಿ ಬಿಟ್ಟ ಹಾಗಾಗಿದೆ. ಶುಕ್ರವಾರ ನಾನು ಕತ್ತಲಾಗಿ ಮನೆಗೆ ಬರುವ ಮೊದಲೇ, ಹಾರೆ ತಂದು ಒಂದೇ ಮಧ್ಯಾಹ್ನದಲ್ಲಿ ಹದಿನೆಂಟನ್ನೂ ಎಬ್ಬಿಸಿದ್ದಾಳೆ.

ನಾನು ಕಿರುಚಿದೆ. ಬೀಡಿ ಕಟ್ಟಿ ಓದಿಸಿದ ಅಮ್ಮನ ಮುಂದೆ ಹಾಗೆ ಬಾಯಿ ಬಿಟ್ಟದ್ದು ಅದೇ ಮೊದಲು. "ಕೈ ಹಾಕ್ಬೇಡ ಅಂತ ಹೇಳಿರ್ಲಿಲ್ವಾ? ನಿಂಗೆ ಎಂತ ಗೊತ್ತುಂಟು? ನನ್ನ ಕೆಲಸ ಹೋಯ್ತು, ಗೊತ್ತುಂಟಾ?"

ಅಮ್ಮನೂ ಬಿಡುವವಳಲ್ಲ. "ಕಲ್ತವಳು ನೀನೇ ಮಣ್ಣಲ್ಲಿ ಪ್ಲಾಸ್ಟಿಕ್ ಹೂತ್ರೆ, ನಾನು ಉಳಿದವರ ಹತ್ರ ಯಾವ ಬಾಯಲ್ಲಿ ಹೇಳುದು?"

"ಅದು ಆ ಪ್ಲಾಸ್ಟಿಕ್ ಅಲ್ಲ! ಮರಗೆಣಸಿಂದ ಮಾಡಿದ್ದು. ಮಣ್ಣಲ್ಲಿ ಕರಗ್ತದೆ!"

"ಕರಗುದಾ? ನಾನು ಒಗೆಯುವ ಕಲ್ಲಿಗೆ ಬಡ್ದು..."

"ಸಾಕು! ಇನ್ನು ಮಾತಾಡ್ಬೇಡ" ಎಂದು ಬಾಗಿಲು ದೂಡಿ ಒಳಗೆ ಹೋದೆ. ಅವಳು ಹೇಳಲು ಹೊರಟದ್ದನ್ನು ಪೂರ್ತಿ ಕೇಳುವ ತಾಳ್ಮೆ ನನಗಿರಲಿಲ್ಲ. ಭಾನುವಾರ ಶೆಡ್ಡಿಗೆ ಬೀಗ. ಆ ದಿನವಿಡೀ ಅವಳು ಅಡುಗೆಮನೆಯಲ್ಲಿ, ನಾನು ಜಗಲಿಯಲ್ಲಿ. ಊಟಕ್ಕೆ ತಟ್ಟೆ ಇಟ್ಟ ಶಬ್ದ ಕೇಳಿದರೂ ಏಳಲಿಲ್ಲ. ಈ ಊರು, ಈ ನಿಯಮ, ಈ ಹಸಿರು ಕೋಟು, ಎಲ್ಲದರ ಮೇಲೂ ನನಗೆ ಉರಿ ಬಂದಿತ್ತು.

ಸೋಮವಾರ ಬೆಳಿಗ್ಗೆ ರಜೆ ಹಾಕಿ ಶೆಡ್ಡಿಗೆ ಹೋದೆ. ಗೋಡೆಯಷ್ಟೆತ್ತರ ಗೋಣಿಗಳು. ಹಾಲಿನ ತೊಟ್ಟೆಗೆ ಒಂದು ಸಾಲು, ಹೊಳೆಯುವ ಲಕೋಟೆಗೆ ಒಂದು, ಗಿಡದ ತೊಟ್ಟೆಗೆ ಇನ್ನೊಂದು, ಬೇರೆ ಮಾಡದ್ದು ಮೂಲೆಯಲ್ಲಿ. ಮೂಲೆಯ ಗೋಣಿಗಳನ್ನು ನೆಲಕ್ಕೆ ಸುರಿದು ಹುಡುಕತೊಡಗಿದೆ. ಒಂದು ಗಂಟೆ ಕಳೆದರೂ ಒಂದೂ ಸಿಗಲಿಲ್ಲ. ಬಿಸ್ಕತ್ತಿನ ಲಕೋಟೆಯೂ ಕಂದು, ಚಹಾಪುಡಿಯ ಲಕೋಟೆಯೂ ಕಂದು. ಕಂಡಕಂಡದ್ದನ್ನೆಲ್ಲ ಬೆಳಕಿಗೆ ಹಿಡಿದು ಬಿಸಾಡಿ ಸಾಕಾಯಿತು. ನಾನೇ ಮಾಡಿದ ವಸ್ತುವನ್ನು ನನಗೇ ಗುರುತು ಹಿಡಿಯಲಾಗಲಿಲ್ಲ. ಅಂಥ ಅವಮಾನ ಇನ್ನೊಂದಿಲ್ಲ.

ಆಗ ಅಮ್ಮ ಮತ್ತು ಅವಳ ಜೊತೆಯವರು ಬಂದರು. ಅಮ್ಮ ನನ್ನ ಮುಖ ನೋಡಲಿಲ್ಲ. ಮಣೆ ಎಳೆದು ಕೂತು ರಾಶಿಯೊಳಗೆ ಕೈ ಹಾಕಿದಳು. ಕಣ್ಣು ಬಾಗಿಲಾಚೆಯ ರಸ್ತೆಯ ಮೇಲೆ, ಬೀಡಿ ಕಟ್ಟುವಾಗ ಇದ್ದಂತೆಯೇ. ಬೆರಳು ಮಾತ್ರ ಒಳಗೆ ಓಡುತ್ತಿತ್ತು.

"ಇಕೋ, ಒಂದು" ಎಂದು ನನ್ನ ಕಡೆಗೆ ಎಸೆದಳು. ನನ್ನದೇ. ಮೂಲೆಯಲ್ಲಿ ತೂತಿನ ಗುರುತು.

"ನಿಮ್ಮಮ್ಮನ ಬೆರಳಲ್ಲಿ ಮಿಷನ್ ಉಂಟು ಮೋಳೇ" ಎಂದು ಜೊತೆಯವರು, ಮಗಳೇ ಎಂದು ತಮ್ಮ ಮಾತಲ್ಲಿ ಕರೆದು, ನನ್ನನ್ನು ನಗಿಸಲು ನೋಡಿದರು. ಇನ್ನೊಂದು ಬಂತು. ಮತ್ತೊಂದು. ಅರ್ಧ ಗಂಟೆಯಲ್ಲಿ ಹದಿನೆಂಟೂ ನನ್ನ ಮಡಿಲಲ್ಲಿದ್ದವು.

ಮೊದಲು ನನಗೆ ಆದದ್ದು ಖುಷಿ. ಹದಿನೆಂಟಕ್ಕೆ ಹದಿನೆಂಟು! ಒಂದೂ ಹೋಗಿಲ್ಲ! ಒಂದೊಂದನ್ನೇ ಎತ್ತಿ ಗುರುತು ನೋಡಿ ಎಣಿಸುತ್ತ ಹೋದವಳು, ಎಂಟನೆಯದಕ್ಕೋ ಒಂಬತ್ತನೆಯದಕ್ಕೋ ನಿಂತುಬಿಟ್ಟೆ. ಒಂದೂ ಹೋಗಿಲ್ಲ. ಐದು ತಿಂಗಳು ಆ ಮಳೆಯಲ್ಲಿ, ಆ ಮಣ್ಣಲ್ಲಿ ಇದ್ದು, ಹಾರೆಯಿಂದ ಎದ್ದು, ಒಗೆಯುವ ಕಲ್ಲಿಗೆ ಬಡಿಸಿಕೊಂಡು ಬಂದ ತುಂಡುಗಳು. ಅಂಚು ಚೂರೂ ಸವೆದಿಲ್ಲ. ಎಲ್ಲಿಯೂ ಒಂದು ತೂತಿಲ್ಲ, ನಾನು ಹೊಡೆದ ತೂತು ಬಿಟ್ಟು. ಸಾಬೂನಿನಲ್ಲಿ ತೊಳೆದದ್ದಕ್ಕೆ ಫಳಫಳ ಹೊಳೆಯುತ್ತಿದ್ದವು.

ಅಮ್ಮ ಒಂದು ತುಂಡನ್ನು ಮೂಗಿಗೆ ಹಿಡಿದಳು. "ಇದಕ್ಕೆ ಗೇರುಸಿಪ್ಪೆಯ ಎಣ್ಣೆ ಹಾಕಿದ್ದೀಯಾ?"

"ಹೂಂ."

"ಅದು ನಾವು ಮಾಡಿನ ಅಡಿಯ ಮರದ ಪಕ್ಕಾಸಿಗೆ ಹಚ್ಚುದಲ್ವಾ? ಮರ ಕುಂಬಾಗಿ ಕೊಳಿಬಾರದು, ಗೆದ್ದಲು ಹಿಡಿಬಾರದು ಅಂತ?"

"ದೋಣಿಗೂ ಹಚ್ಚುದು" ಎಂದರು ಜೊತೆಯವರು. "ನನ್ನ ಬಾಪ ಪ್ರತಿ ವರ್ಷ ಹಚ್ತಿದ್ರು. ಉಪ್ಪುನೀರಲ್ಲಿ ಇದ್ರೂ ಮರಕ್ಕೆ ಎಂತ ಆಗ್ತಿರ್ಲಿಲ್ಲ."

"ಮತ್ತೆ ಇದು ಮಣ್ಣಾಗುದು ಹೇಗೆ?" ಅಮ್ಮ ಕೇಳಿದಳು. ಕುಟುಕಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು.

ಆ ಎಣ್ಣೆಯ ವಾಸನೆಯಲ್ಲೇ ಬೆಳೆದವಳು ನಾನು. ನಮ್ಮ ಮನೆಯ ಮಾಡಿಗೆ ಎರಡು ವರ್ಷಕ್ಕೊಮ್ಮೆ ಅದನ್ನು ಹಚ್ಚುವಾಗ ಏಣಿ ಹಿಡಿದು ನಿಂತವಳು. ಎಂತಕ್ಕೆ ಹಚ್ಚುವುದು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪ್ರಯೋಗಾಲಯದಲ್ಲಿ ನಾನು ನೋಡಿದ್ದು ಒಂದನ್ನೇ, ಅದು ನೀರು ತಡೆಯುತ್ತದೆ ಎಂಬುದನ್ನು. ನೀರು ತಡೆದಂತೆ ಹುಳವನ್ನೂ ತಡೆಯುತ್ತದೆ, ಕೊಳೆಯುವುದನ್ನೂ ತಡೆಯುತ್ತದೆ. ಗಿಡದಿಂದ ಬಂದದ್ದೆಲ್ಲ ತಾನಾಗಿ ಮಣ್ಣಿಗೆ ಹೋಗುತ್ತದೆ ಎಂದು ಸಭೆಗಳಲ್ಲಿ ಮೈಕು ಹಿಡಿದು ಹೇಳಿದವಳು ನಾನು. ಅಮ್ಮನಿಗೆ ತುಂಡು ಹೂತ ಆ ಸಂಜೆಯೇ ಕೂತು ವಿವರಿಸಿದ್ದರೆ, ಅವಳು ಕೇಳುವ ನೂರು ಪ್ರಶ್ನೆಗಳಲ್ಲಿ ಇದೂ ಒಂದಾಗಿರುತ್ತಿತ್ತು. ನನ್ನ ತಲೆಗೆ ನಾನೇ ಚಚ್ಚಿಕೊಳ್ಳಬೇಕು ಅನ್ನಿಸಿತು.

ಅಮ್ಮ ಸೆರಗಲ್ಲಿ ಕೈ ಒರೆಸಿ ಎದ್ದಳು. "ಈಗ ಹೇಳು, ಇದು ಯಾವ ಗೋಣಿಗೆ ಹಾಕುದು?"

ಹಾಲಿನ ತೊಟ್ಟೆಯ ಗೋಣಿಗೆ ಹಾಕಿದರೆ, ಅದನ್ನು ಕರಗಿಸಿ ಮತ್ತೆ ಬಳಸುವಲ್ಲಿ ಇದು ಸೇರಿ ಇಡೀ ಪಾಕವೇ ಕೆಡುತ್ತದೆ. ಗೊಬ್ಬರದ ಗುಂಡಿಗೆ ಹಾಕಿದರೆ ಗೊಬ್ಬರವಾಗುವುದಿಲ್ಲ, ಅದನ್ನು ಐದು ತಿಂಗಳು ನೋಡಿಯಾಯಿತು. ಸುಡಬಾರದು ಎಂಬುದು ಅಮ್ಮನ ನಿಯಮ. "ಯಾವುದಕ್ಕೂ ಬೇಡ, ನಾನು ಕೊಂಡೋಗ್ತೇನೆ" ಎಂದೆ. ಎರಡು ದಿನದ ಮೇಲೆ ಅವಳೊಡನೆ ಆಡಿದ ಮೊದಲ ಪೂರ್ತಿ ಮಾತು ಅದು.

ಸಂಜೆ ಸರ್‌ಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ. "ನೋಡು ಮಾರಾಯ್ತಿ, ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು" ಎಂದರು. "ಅಮ್ಮ ಅವಧಿಗೆ ಮೊದ್ಲೇ ತೆಗ್ದಾಯ್ತಲ್ಲ. ಪರೀಕ್ಷೆ ಕೆಟ್ಟಿತು ಅಂತ ಬರಿ. ಸುಳ್ಳೂ ಅಲ್ಲ. ಇನ್ನೊಂದು ಮಳೆಗಾಲ ಕೊಡ್ತಾರೆ. ಅಷ್ಟರಲ್ಲಿ ಎಣ್ಣೆ ಕಡಿಮೆ ಮಾಡಿ ನೋಡುವ."

ಹೌದಲ್ಲ! ಎಂದು ನನಗೂ ಅನ್ನಿಸಿತು. ಆ ನಿಮಿಷ ಅಮ್ಮ ನನ್ನನ್ನು ಉಳಿಸಿದಳು ಅಂತಲೇ ಅನ್ನಿಸಿತು. ವರದಿಗೆ ಸರ್ ತಾವೇ ಎರಡು ಸಾಲು ಬರೆದು ಕಳಿಸಿದರು. ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಓದಿದೆ. "ಸ್ಥಳೀಯರಲ್ಲಿ ಪರಿಸರದ ಅರಿವಿನ ಕೊರತೆಯಿಂದಾಗಿ ಮಾದರಿಗಳು ನಾಶವಾದವು" ಎಂದಿತ್ತು.

ಅರಿವಿನ ಕೊರತೆ. ಎದುರಿನ ಹಗ್ಗದಲ್ಲಿ ಹನ್ನೆರಡು ಹಾಲಿನ ತೊಟ್ಟೆಗಳು ಒಳಹೊರಗಾಗಿ ನೇತಾಡುತ್ತಿದ್ದವು. ಅಮ್ಮ ಬಚ್ಚಲ ಕಲ್ಲಿನ ಮೇಲೆ ಕೂತು ಯಾರದ್ದೋ ಮನೆಯ ಗಿಡದ ತೊಟ್ಟೆಯ ಕೆಸರು ಉಜ್ಜುತ್ತಿದ್ದಳು. ನಾನು ಸರ್‌ಗೆ ತಿರುಗಿ ಫೋನು ಮಾಡಿದೆ. "ಸರ್, ಮಾದರಿ ಒಂದೂ ನಾಶವಾಗ್ಲಿಲ್ಲ. ಅದೇ ಅಲ್ವಾ ನಮ್ಮ ಸಮಸ್ಯೆ?" ಎಂದೆ. ಸ್ವರ ಏರಿತ್ತು, ತಗ್ಗಿಸಲು ಮನಸ್ಸಾಗಲಿಲ್ಲ. ಅವರು, "ಯೋಚನೆ ಮಾಡು, ನಿನ್ನ ಕೆಲಸದ ಪ್ರಶ್ನೆ" ಎಂದರು. ಕೆಟ್ಟ ಮನುಷ್ಯರಲ್ಲ ಅವರು. ನನ್ನ ಹೊಟ್ಟೆಪಾಡಿಗಾಗಿಯೇ ಹೇಳಿದ್ದು.

ಮರುದಿನ ತುಂಡುಗಳನ್ನು ಕಾಲೇಜಿಗೆ ಒಯ್ದು ತೂಗಿದೆ. ಹೂಳುವಾಗ ಬರೆದಿಟ್ಟ ತೂಕ, ಈಗಿನ ತೂಕ, ಒಂದರ ಪಕ್ಕ ಒಂದು. ಹೇಳುವಂಥ ವ್ಯತ್ಯಾಸವೇನೂ ಇರಲಿಲ್ಲ. ಐದನೇ ತಿಂಗಳಲ್ಲಿ ಹೊರತೆಗೆಯಲಾಯಿತು, ಹದಿನೆಂಟರಲ್ಲಿ ಒಂದೂ ಕರಗಿಲ್ಲ, ಹಚ್ಚಿದ ಎಣ್ಣೆಯೇ ಕಾರಣವಿರಬೇಕು ಎಂದು ಬರೆದೆ. ಈ ಎಣ್ಣೆಯನ್ನು ನಮ್ಮ ಕಡೆ ಮರ ಕೆಡದಂತೆ ಹಚ್ಚುತ್ತಾರೆ ಎಂಬ ಸಾಲನ್ನೂ ಸೇರಿಸಿದೆ. ಅದು ಯಾರು ಹೇಳಿದ್ದು ಎಂದು ಬರೆಯುವ ಜಾಗದಲ್ಲಿ, ಪ್ಲಾಸ್ಟಿಕ್ ಸಂಗ್ರಹಿಸುವ ಇಬ್ಬರು ಹೆಂಗಸರು ಎಂದು ಹಾಕಿದೆ. ಸರ್ ಸಹಿ ಮಾಡಿದರು.

ಯೋಜನೆ ನಿಂತಿತು. ಈಗ ನಾನು ಮಂಜೇಶ್ವರದ ಕಡೆಯ ಒಂದು ಶಾಲೆಯಲ್ಲಿ ದಿನಗೂಲಿ ಟೀಚರ್. ಪೇಟೆಯ ಅಂಗಡಿಗಳಲ್ಲಿ ಹಸಿರು ಎಲೆಯ ಚಿತ್ರ ಹಾಕಿದ ತೊಟ್ಟೆ ಕೊಡುತ್ತಾರೆ, "ಇದು ಗಿಡದ್ದು ಟೀಚರ್, ಎಲ್ಲಿ ಬಿಸಾಡಿದ್ರೂ ತೊಂದ್ರೆ ಇಲ್ಲ" ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಯಾವ ಗಿಡ, ಮೇಲೆ ಎಂತ ಹಚ್ಚಿದ್ದಾರೆ, ಎಷ್ಟು ಮಳೆಗಾಲ ಹೂತು ನೋಡಿದ್ದಾರೆ ಎಂದು ಕೇಳಿದರೆ ಅಂಗಡಿಯವರು ಹಿಂದಿನ ಗಿರಾಕಿಯ ಕಡೆಗೆ ತಿರುಗುತ್ತಾರೆ.

ಹದಿನೆಂಟು ತುಂಡುಗಳನ್ನು ತೂತಿನಲ್ಲಿ ದಾರ ಪೋಣಿಸಿ ಅಡುಗೆಮನೆಯ ಬಾಗಿಲ ಬಳಿ ಒಂದು ಮೊಳೆಗೆ ನೇತುಹಾಕಿದ್ದೇನೆ. ತಿಂಗಳಿಗೊಮ್ಮೆ ಅಮ್ಮ ಹಸಿರು ಕೋಟು ಹಾಕಿ, ಊರಿಗೆ ಹೊರಡುವ ಮೊದಲು ನಮ್ಮ ಮನೆಯ ಪ್ಲಾಸ್ಟಿಕ್ ತೆಗೆಯುತ್ತಾಳೆ. ಹಗ್ಗದಿಂದ ಹಾಲಿನ ತೊಟ್ಟೆ, ಉಪ್ಪಿನ ತೊಟ್ಟೆ, ಚಿಪ್ಸಿನ ಲಕೋಟೆ, ಎಲ್ಲ ಗೋಣಿಗೆ ಹೋಗುತ್ತದೆ. ಕೊನೆಗೆ ಮೊಳೆಯ ಹತ್ತಿರ ಬಂದು ಆ ಕಟ್ಟು ಹಿಡಿದು, "ಇದಕ್ಕೆ ಜಾಗ ಸಿಕ್ಕಿತಾ?" ಎಂದು ಕೇಳುತ್ತಾಳೆ. ಇಲ್ಲ ಎನ್ನುತ್ತೇನೆ.

ಹೋದ ತಿಂಗಳು ಅವಳು ಕೇಳಲಿಲ್ಲ. ಸೆರಗಿನಿಂದ ಅದರ ಧೂಳು ಒರೆಸಿ, ಮತ್ತೆ ಮೊಳೆಗೆ ಸಿಕ್ಕಿಸಿ, ಗೋಣಿ ಹೆಗಲಿಗೆ ಹಾಕಿಕೊಂಡು ಹೋದಳು.